ಪದಕ ಕೊಟ್ಟದ್ದಾಯಿತು, ಮೀನಿನ ಹೆಸರೇನು?

ಎರಡು ವರ್ಷದ ಹಿಂದೆ ನನಗೊಂದು ಅನುವಾದದ ಕೆಲಸ ಬಂತು. ಸಣ್ಣ ಗಾತ್ರದ ಮೀನು ಹಿಡಿಯಬೇಡಿ ಎಂದು ಕರಾವಳಿಯ ಮೀನುಗಾರರಿಗೆ ತಿಳಿಹೇಳುವ ಭಿತ್ತಿಪತ್ರ. ಇಂಗ್ಲಿಷಿನಲ್ಲಿ ಒಂದೇ ಪುಟ. ಯಾವ ಮೀನು ಎಷ್ಟು ಸೆಂಟಿಮೀಟರ್ ಆಗುವ ಮುನ್ನ ಹಿಡಿಯಬಾರದು ಎಂಬ ಪಟ್ಟಿ, ಕೆಳಗೆ ನಾಲ್ಕು ಸಾಲು ಬುದ್ಧಿಮಾತು. ಪುಣೆಯ ನನ್ನ ಬಾಡಿಗೆ ಮನೆಯಲ್ಲಿ ಕೂತು ಅರ್ಧ ದಿನದಲ್ಲಿ ಮುಗಿಸಬಹುದು ಅಂದುಕೊಂಡೆ. ನಾಲ್ಕು ದಿನ ಹಿಡಿಯಿತು. ಬುದ್ಧಿಮಾತು ಹತ್ತು ನಿಮಿಷದಲ್ಲಿ ಮುಗಿದಿತ್ತು, ಉಳಿದ ಹೊತ್ತೆಲ್ಲ ಹೋದದ್ದು ಮೀನಿನ ಹೆಸರುಗಳಿಗೆ.

ಬಂಗುಡೆ, ಅಂಜಲ್, ಮಾಂಜಿ, ಕಾಣೆ ಇವು ಗೊತ್ತಿದ್ದವು. ಬೂತಾಯಿ ಬರೆಯಬೇಕೋ, ಬೈಗೆಯೋ, ತಾರ್ಲೆಯೋ? ಮಂಗಳೂರಿಗೊಂದು, ಕುಂದಾಪುರಕ್ಕೊಂದು, ಕಾರವಾರಕ್ಕೊಂದು. ಮೂರನ್ನೂ ಬರೆದೆ. ಆಮೇಲೆ ಬಂದದ್ದು ‘ಥ್ರೆಡ್‌ಫಿನ್ ಬ್ರೀಮ್’. ನಿಘಂಟು ನೋಡಿದೆ, ಇಲ್ಲ. ಕೆಲಸ ಕೊಟ್ಟ ಸಂಸ್ಥೆಯನ್ನು ಕೇಳಿದೆ. ‘ನೀವೇ ಏನಾದರೂ ಚೆನ್ನಾಗಿರುವ ಪದ ಹಾಕಿ, ಭಾಷಾವಿಜ್ಞಾನ ಓದಿದ್ದೀರಲ್ಲ’ ಅಂದರು. ನಾನು ಭಾಷಾವಿಜ್ಞಾನ ಓದಿದವರ ಅಹಂಕಾರದಲ್ಲಿ ‘ನೂಲುರೆಕ್ಕೆ ಮೀನು’ ಎಂದು ಬರೆದು ಕಳಿಸಿದೆ. ಅಚ್ಚಾಯಿತು.

ಮುಂದಿನ ಸಲ ಊರಿಗೆ ಹೋದಾಗ ಮಲ್ಪೆಯ ದಕ್ಕೆಯಲ್ಲಿ ಆ ಭಿತ್ತಿಪತ್ರ ಗೋಡೆ ಮೇಲಿತ್ತು. ಪಕ್ಕದಲ್ಲಿ ಬಲೆ ಹೊಲಿಯುತ್ತಿದ್ದ ಹಿರಿಯರೊಬ್ಬರನ್ನು, ಬರೆದವರು ನಾನೇ ಎಂದು ಹೇಳದೆ, ಇದು ಯಾವ ಮೀನು ಎಂದು ಕೇಳಿದೆ. ಹತ್ತಿರ ಬಂದು ಓದಿದರು. ‘ಇದೆಂತ ಮಾರಾಯ್ರೆ, ಈ ಹೆಸ್ರಿನ ಮೀನ್ ನಮ್ ಬದಿಗಿಲ್ಲ.’ ಫೋನಿನಲ್ಲಿ ಚಿತ್ರ ತೋರಿಸಿದೆ. ‘ಹೋಯ್, ಇದ್ ಮದ್ಮಲ್ ಅಲ್ದಾ!’ ಅಂದು ನಕ್ಕರು. ಮದ್ಮಲ್. ತುಳುವಿನಲ್ಲಿ ಮದುಮಗಳು. ಆ ಕೆಂಪು ಮೈಬಣ್ಣಕ್ಕೆ ಯಾರೋ ಯಾವತ್ತೋ ಇಟ್ಟ ಹೆಸರು. ದಕ್ಕೆಯಲ್ಲಿ ದಿನಾ ಬುಟ್ಟಿಗಟ್ಟಲೆ ಹರಾಜಾಗುವ ಮೀನನ್ನು ನಾನು ಕನ್ನಡದಲ್ಲಿ ಇಲ್ಲವಾಗಿಸಿದ್ದೆ.

ತಪ್ಪು ನನ್ನದೇ. ಆದರೆ ಈ ತಪ್ಪನ್ನು ತಡೆಯಬೇಕಿದ್ದ ಒಂದು ವ್ಯವಸ್ಥೆ ಇರಬೇಕಿತ್ತಲ್ಲ, ಅದೆಲ್ಲಿ? ಈ ಪ್ರಶ್ನೆ ಹಿಡಿದು ಹುಡುಕುತ್ತ ಹೋದಾಗ ಎದುರಾದದ್ದು ನಾವು ಯಾರೂ ತಲೆಕೆಡಿಸಿಕೊಳ್ಳದ ಒಂದು ಪ್ರಾಣಿ: ವೃತ್ತಿಪರ ಸಂಘ. ವೈದ್ಯರಿಗೆ, ವಕೀಲರಿಗೆ ಇರುವಂತೆ ಮೀನುಗಾರಿಕೆ ವಿಜ್ಞಾನಿಗಳಿಗೂ ಸಂಘಗಳಿವೆ. ಚಂದಾ ಕಟ್ಟಿ ಸದಸ್ಯರಾಗುತ್ತಾರೆ, ಪತ್ರಿಕೆ ತರುತ್ತಾರೆ, ಸಮ್ಮೇಳನ ಮಾಡುತ್ತಾರೆ. ಅಷ್ಟೇ ಆದರೆ ಅದು ಗೆಳೆಯರ ಬಳಗ. ಇಂಥ ಸಂಘ ಇರಬೇಕಾದ್ದು ಬೇರೆಯದಕ್ಕೇ ಎಂಬುದು ನನ್ನ ವಾದ. ಸಂಬಳ ಕೊಡುವ ಇಲಾಖೆಯ ಹೆಸರಿನಲ್ಲಿ ವಿಜ್ಞಾನಿ ಹೇಳಲಾಗದ್ದನ್ನು ಸಂಘ ತನ್ನ ಹೆಸರಿನಲ್ಲಿ ಹೇಳಬೇಕು. ಯಾರಿಗೆ ಹೇಳಬೇಕೋ ಅವರ ಮಾತಿನಲ್ಲಿ ಹೇಳಬೇಕು. ನಮ್ಮ ಸಂಘಗಳು ಎರಡನ್ನೂ ಮಾಡುತ್ತಿಲ್ಲ.

ಮಾಡಿದವರ ಕಥೆ ಮೊದಲು ಹೇಳುತ್ತೇನೆ. ಅವರೇನೂ ಸಂತರಲ್ಲ.

ಅಮೆರಿಕನ್ ಫಿಶರೀಸ್ ಸೊಸೈಟಿ ಹುಟ್ಟಿದ್ದು 1870ರ ಡಿಸೆಂಬರಿನಲ್ಲಿ, ನ್ಯೂಯಾರ್ಕಿನಲ್ಲಿ. ಆಗ ಅದು ಮೀನು ಸಾಕುವವರ ಸಂಘ. ಹೆಸರೂ ಹಾಗೆಯೇ ಇತ್ತು. ಈಗಿನ ಹೆಸರು ಬಂದದ್ದು 1884ರಲ್ಲಿ. ಹೊಳೆಯಲ್ಲಿ ಮೀನು ಕಡಿಮೆಯಾದರೆ ಮೊಟ್ಟೆ ಒಡೆಸಿ ಮರಿ ತಂದು ಬಿಡು, ಇದು ಆ ಕಾಲದ ಪರಿಹಾರ. ಯಾವ ಮರಿ, ಯಾವ ಹೊಳೆಯದು ಎಂಬ ವಿಚಾರಣೆ ಇಲ್ಲ. ಅದೇ ಉತ್ಸಾಹದ ದಿನಗಳಲ್ಲಿ, 1877ರಲ್ಲಿ, ಅಲ್ಲಿನ ಸರ್ಕಾರಿ ಮೀನು ಆಯೋಗ ಜರ್ಮನಿಯಿಂದ ಕಾರ್ಪ್ ಗೆಂಡೆ ತರಿಸಿ ಊರೂರಿಗೆ ಹಂಚಿತು. ಕೆಲವೇ ದಶಕಗಳಲ್ಲಿ ಆ ಗೆಂಡೆ ಪೀಡೆಯಾಯಿತು. ಇಂಥ ಕಾಲದಲ್ಲಿ ಹುಟ್ಟಿದ ಸಂಘವೇ 1986ರಲ್ಲಿ, ಹೊರಗಿನ ಮೀನನ್ನು ಹೊಸ ನೀರಿಗೆ ಬಿಡುವ ಮುನ್ನ ಏನೇನು ಪರೀಕ್ಷೆ ಆಗಬೇಕು ಎಂದು ತನ್ನ ಅಧಿಕೃತ ನಿಲುವನ್ನು ಅಚ್ಚು ಹಾಕಿಸಿತು. ನೂರು ವರ್ಷಕ್ಕೂ ಹೆಚ್ಚು ಹಿಡಿಯಿತು, ನಿಜ. ಆದರೂ ತನ್ನ ಅಜ್ಜಂದಿರ ನಂಬಿಕೆಯನ್ನು ತಾನೇ ತಿದ್ದಿತು.

ಇನ್ನೊಂದು ಕೆಲಸ ಮಾಡಿತು. ಪಟ್ಟಿ ಮಾಡಿತು. 1979ರಲ್ಲಿ ಸಂಘದ ಒಂದು ಸಮಿತಿ ಉತ್ತರ ಅಮೆರಿಕದಲ್ಲಿ ಅಪಾಯದಲ್ಲಿರುವ ಸಿಹಿನೀರಿನ ಮೀನುಗಳನ್ನು ಹೆಸರು ಹಿಡಿದು ಪ್ರಕಟಿಸಿತು: 251. ಹತ್ತು ವರ್ಷದ ಮೇಲೆ ಅದೇ ಪಟ್ಟಿಯನ್ನು ಮತ್ತೆ ನೋಡಿತು: 364. ಹಳೆಯ ಪಟ್ಟಿಯಿಂದ 10 ಮೀನುಗಳನ್ನು ತೆಗೆದದ್ದು ಅವು ಅಳಿದುಹೋದವು ಎಂಬ ಕಾರಣಕ್ಕೆ. ಚೇತರಿಸಿಕೊಂಡಿತು ಎಂದು ತೆಗೆದದ್ದು ಒಂದೂ ಇರಲಿಲ್ಲ. ಅದನ್ನೂ ಮುಚ್ಚಿಡದೆ ಬರೆದರು. 2008ರಲ್ಲಿ ಮೂರನೆಯ ಸಲ ನೋಡಿದಾಗ ಸಂಖ್ಯೆ 700. ಮೀನು ಉಳಿಸುವುದೇ ವೃತ್ತಿಯಾದವರು ‘ನಾವು ಸೋಲುತ್ತಿದ್ದೇವೆ’ ಎಂದು ತಮ್ಮದೇ ಪತ್ರಿಕೆಯಲ್ಲಿ ಮೂರು ಸಲ ಲೆಕ್ಕ ಒಪ್ಪಿಸಿದ ಹಾಗಾಯಿತು.

ಇದಕ್ಕಿಂತ ದೊಡ್ಡದು 1991ರ ಲೇಖನ. ವಿಲ್ಲಾ ನೆಲ್ಸನ್, ಜಾಕ್ ವಿಲಿಯಮ್ಸ್, ಜೇಮ್ಸ್ ಲಿಕಟೋವಿಚ್ ಸೇರಿ ಸಂಘದ ಪತ್ರಿಕೆಯಲ್ಲಿ ಬರೆದದ್ದು. ಕ್ಯಾಲಿಫೋರ್ನಿಯಾ, ಓರೆಗಾನ್, ಐಡಾಹೊ, ವಾಷಿಂಗ್ಟನ್ ರಾಜ್ಯಗಳ ಹೊಳೆಗಳಲ್ಲಿ ಸಾಲ್ಮನ್ ಜಾತಿಯ ಮೀನುಗಳ 214 ಸಂತತಿಗಳು ಅಪಾಯದಲ್ಲಿವೆ, ಅವುಗಳಲ್ಲಿ 101 ಅಳಿವಿನಂಚಿನಲ್ಲಿವೆ ಎಂದು ಹೊಳೆ ಹೊಳೆಯ ಹೆಸರು ಬರೆದು ಹೇಳಿದರು. ಸಾಲ್ಮನ್ ಒಟ್ಟಿಗೆ ಎಷ್ಟಿದೆ ಎಂದು ಕೇಳಿದರೆ ಎಷ್ಟೋ ಇದೆ ಅನ್ನಬಹುದು. ಯಾವ ಹೊಳೆಯದು ಎಂದು ಕೇಳಿದಾಗ ಮಾತ್ರ ಸತ್ಯ ಗೊತ್ತಾಗುತ್ತದೆ. ಈ ಪ್ರಶ್ನೆ ನೇರವಾಗಿ ಹೋಗಿ ತಾಗುವುದು ಅಣೆಕಟ್ಟುಗಳಿಗೆ, ಮರ ಕಡಿಯುವ ಕಂಪನಿಗಳಿಗೆ, ನೀರಾವರಿಗೆ. ಆ ಸಂಘದ ಸದಸ್ಯರಲ್ಲಿ ದೊಡ್ಡ ಪಾಲು ಕೇಂದ್ರ, ರಾಜ್ಯ ಇಲಾಖೆಗಳ ನೌಕರರು. ಕಚೇರಿಯ ಕಾಗದದಲ್ಲಿ ಅವರು ಹೀಗೆ ಬರೆಯುವುದು ಸುಲಭವಿರಲಿಲ್ಲ. ಸಂಘದ ಕಾಗದದಲ್ಲಿ ಬರೆಯಬಹುದಿತ್ತು.

ಈಗ ನನಗೆ ಹತ್ತಿರದ ಸಂಗತಿ. ಇದೇ ಸಂಘಕ್ಕೆ ಮೀನಿನ ಹೆಸರುಗಳ ಸಮಿತಿಯೊಂದಿದೆ. 1948ರಲ್ಲಿ ಮೊದಲ ಪಟ್ಟಿ ಬಂತು, 2023ರಲ್ಲಿ ಎಂಟನೆಯದು. ಪ್ರತಿ ಮೀನಿನ ವೈಜ್ಞಾನಿಕ ಹೆಸರಿನ ಎದುರು ಒಂದು ಸಾಮಾನ್ಯ ಹೆಸರು. ಕಾನೂನು ಬರೆಯುವವರು, ಮೀನು ಮಾರುವವರು, ಪತ್ರಕರ್ತರು ಒಂದೇ ಮೀನಿಗೆ ಒಂದೇ ಹೆಸರು ಹೇಳಲಿ ಎಂದು. 2001ರಲ್ಲಿ ಯೆಹೂದಿಗಳನ್ನು ಹೀಯಾಳಿಸುವಂತಿದ್ದ ಒಂದು ಮೀನಿನ ಹೆಸರನ್ನು ಬದಲಿಸಿ ‘ಗೋಲಿಯತ್ ಗ್ರೂಪರ್’ ಅಂದರು. ಅದಕ್ಕೂ ಮುಂಚೆ ಮೂಲನಿವಾಸಿ ಹೆಂಗಸರಿಗೆ ಅವಮಾನವಾಗುವ ಇನ್ನೊಂದು ಹೆಸರು ಹೋಯಿತು. 2004ರ ಆವೃತ್ತಿಯಲ್ಲಿ ಮೆಕ್ಸಿಕೊದ ಮೀನುಗಳು ಸೇರಿದವು, ಜೊತೆಗೆ ಸ್ಪ್ಯಾನಿಷ್ ಹೆಸರುಗಳೂ. 2013ರಲ್ಲಿ ಕೆನಡಾದ ಮೀನುಗಳಿಗೆ ಫ್ರೆಂಚ್ ಹೆಸರು ಬಂದವು. ಮೂರು ದೇಶ, ಮೂರು ಭಾಷೆ, ಒಂದು ಪುಸ್ತಕ. ನನ್ನಂಥ ಅನುವಾದಕರು ಅದನ್ನು ಮೇಜಿನ ಮೇಲಿಟ್ಟುಕೊಂಡು ಕೆಲಸ ಮಾಡಬಹುದು.

ನಮ್ಮ ಕಡೆಗೆ ಬರೋಣ.

ಸಂಘಗಳಿಲ್ಲ ಎಂದು ಯಾರೂ ಹೇಳುವಂತಿಲ್ಲ. 1958ರಲ್ಲಿ ಶುರುವಾದ ಮೆರೈನ್ ಬಯೋಲಾಜಿಕಲ್ ಅಸೋಸಿಯೇಷನ್ ಆಫ್ ಇಂಡಿಯಾ ಇದೆ. ಬ್ಯಾರಕ್‌ಪುರದಲ್ಲಿ ಒಳನಾಡು ಮೀನುಗಾರಿಕೆಯ ಸಂಘವಿದೆ, ಕೊಚ್ಚಿಯಲ್ಲಿ ಮೀನುಗಾರಿಕೆ ತಂತ್ರಜ್ಞರ ಸಂಘವಿದೆ. ಮತ್ತೆ, ನಾವು ಕನ್ನಡಿಗರು ಹೆಮ್ಮೆಯಿಂದ ಹೇಳಿಕೊಳ್ಳಬಹುದಾದದ್ದು, ಏಷ್ಯನ್ ಫಿಶರೀಸ್ ಸೊಸೈಟಿಯ ಭಾರತ ಶಾಖೆ ಬೆಳೆದದ್ದು ಮಂಗಳೂರಿನಲ್ಲಿ. 1969ರಲ್ಲಿ ಅಲ್ಲಿ ಶುರುವಾದ ಮೀನುಗಾರಿಕಾ ಕಾಲೇಜಿನ ನೆರಳಿನಲ್ಲಿ. ಇಂಡಿಯನ್ ಫಿಶರೀಸ್ ಫೋರಮ್ಮಿನ ಮೊದಲ ಸಮ್ಮೇಳನ ನಡೆದದ್ದೂ 1987ರ ಡಿಸೆಂಬರಿನಲ್ಲಿ ಮಂಗಳೂರಿನಲ್ಲೇ. ಇವರ ಪತ್ರಿಕೆಗಳಲ್ಲಿ ಬಂದ ಸಂಶೋಧನೆ ಸಣ್ಣದಲ್ಲ. ನಾನು ಈ ಲೇಖನಕ್ಕಾಗಿ ಹಳೆಯ ಸಂಚಿಕೆಗಳನ್ನು ತಿರುವಿದೆ. ಬಂಗುಡೆ ಯಾವಾಗ ಮೊಟ್ಟೆಗೆ ಬರುತ್ತದೆ, ಬೂತಾಯಿ ಏನು ತಿನ್ನುತ್ತದೆ ಎಂದು ಒಬ್ಬೊಬ್ಬರು ವರ್ಷಗಟ್ಟಲೆ ಸಾವಿರಾರು ಮೀನು ಅಳೆದು ಬರೆದಿದ್ದಾರೆ. ಓದುತ್ತ ತಲೆಬಾಗುತ್ತದೆ.

ಆದರೆ ಅದು ಯಾವ ಭಾಷೆಯಲ್ಲಿದೆ, ಯಾರಿಗೆ ಹೇಳಿದ್ದು? ಸಮ್ಮೇಳನಗಳಿಗೆ ದುಭಾಷಿಯಾಗಿ, ಅನುವಾದಕರಾಗಿ ಹೋದ ನನ್ನಂಥವರಿಗೆ ಆ ದಿನಚರಿ ಬಾಯಿಪಾಠ. ದೀಪ ಬೆಳಗುವುದು, ಸ್ಮರಣ ಸಂಚಿಕೆ ಬಿಡುಗಡೆ, ಜೀವಮಾನ ಸಾಧನೆ, ಯುವ ವಿಜ್ಞಾನಿ, ಉತ್ತಮ ಪೋಸ್ಟರ್, ಶಾಲು, ಹಾರ, ಗ್ರೂಪ್ ಫೋಟೊ. ಕೊನೆಯ ದಿನ ಮಧ್ಯಾಹ್ನ, ಅರ್ಧ ಸಭೆ ರೈಲಿಗೆ ಹೊರಟ ಮೇಲೆ, ಶಿಫಾರಸುಗಳನ್ನು ಓದುತ್ತಾರೆ. ‘ಸುಸ್ಥಿರ ನಿರ್ವಹಣೆಗೆ ಒತ್ತು ನೀಡಬೇಕು’, ‘ಪಾಲುದಾರರಲ್ಲಿ ಜಾಗೃತಿ ಮೂಡಿಸಬೇಕು’. ಯಾರು ನೀಡಬೇಕು, ಯಾರು ಮೂಡಿಸಬೇಕು? ಕರ್ತೃವಿಲ್ಲದ ವಾಕ್ಯಗಳು. ವ್ಯಾಕರಣ ಕಲಿತವರಿಗೆ ಕರ್ತೃ ಕಾಣೆಯಾದ ತಕ್ಷಣ ಅನುಮಾನ ಬರುತ್ತದೆ. ಅಲ್ಲಿ ಯಾರೋ ಜವಾಬ್ದಾರಿಯಿಂದ ತಪ್ಪಿಸಿಕೊಳ್ಳುತ್ತಿದ್ದಾರೆ.

ಇದು ಹೊಸ ರೋಗವಲ್ಲ. ಕೇರಳದಲ್ಲಿ 1980ರ ದಶಕದುದ್ದಕ್ಕೂ ಮಳೆಗಾಲದಲ್ಲಿ ಟ್ರಾಲಿಂಗ್ ನಿಲ್ಲಿಸಬೇಕೇ ಬೇಡವೇ ಎಂದು ಒಂದರ ಹಿಂದೊಂದು ತಜ್ಞರ ಸಮಿತಿ ಕೂತಿತು. 1988ರಲ್ಲಿ ನಿಷೇಧ ಬಂತು. ಅದಕ್ಕಾಗಿ ಬೀದಿಗಿಳಿದು, ಉಪವಾಸ ಕೂತು, ಲಾಠಿ ತಿಂದವರು ನಾಡದೋಣಿಯ ಮೀನುಗಾರರು. ಇವತ್ತು ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿಗಳು ದಡದಲ್ಲಿರುತ್ತವೆ. ಚೆನ್ನೈ, ವಿಶಾಖಪಟ್ಟಣದ ಕಡೆ ಏಪ್ರಿಲ್ 15ರಿಂದ ಜೂನ್ 14ರವರೆಗೆ. ನಮ್ಮ ದೇಶದ ಮೀನು ಸಂರಕ್ಷಣೆಯಲ್ಲಿ ಎಲ್ಲರಿಗೂ ಗೊತ್ತಿರುವ ಈ ನಿಯಮದ ಬೇರು ಇರುವುದು ಆ ಬೀದಿಯಲ್ಲಿ.

ನನ್ನ ಮಾತಿಗೆ ಬರುವ ಉತ್ತರ ಗೊತ್ತಿದೆ, ಏಕೆಂದರೆ ಒಬ್ಬ ನಿವೃತ್ತ ಪ್ರಾಧ್ಯಾಪಕರು ಅದನ್ನು ನನಗೆ ಮುಖಕ್ಕೇ ಹೇಳಿದ್ದಾರೆ. ‘ನೋಡಿ, ನಾವೆಲ್ಲ ಸರ್ಕಾರಿ ನೌಕರರು. 1964ರ ನಡತೆ ನಿಯಮ ಇದೆ. ಸರ್ಕಾರದ ನೀತಿಯನ್ನು ಟೀಕಿಸಿದರೆ ನೋಟಿಸ್ ಬರುತ್ತದೆ. ನೀವು ಪುಣೆಯಲ್ಲಿ ಕೂತು ಬರೆಯಬಹುದು.’ ಸರಿಯಾದ ಮಾತು. ಕೇಂದ್ರ ನಾಗರಿಕ ಸೇವಾ ನಡತೆ ನಿಯಮಗಳು ಅಂಥ ಟೀಕೆಯನ್ನು ಕಟ್ಟಿಹಾಕುತ್ತವೆ, ನಿಜ. ನೌಕರಿಯ ಭಯ ಗೊತ್ತಿಲ್ಲದ ಫ್ರೀಲಾನ್ಸ್ ಮಂದಿ ಇದನ್ನು ಹಗುರವಾಗಿ ಕಾಣಬಾರದು. ಆದರೆ ಸರ್, ಇದೇ ಅಲ್ಲವೇ ಸಂಘ ಬೇಕಾದ ಕಾರಣ? ಒಬ್ಬರು ಹೇಳಿದರೆ ನೋಟಿಸ್ ಬರುತ್ತದೆ. ಸಾವಿರ ಜನರ ಸಂಘ, ನಿವೃತ್ತರ ಸಮಿತಿಯ ಸಹಿಯಲ್ಲಿ, ಅಂಕಿಅಂಶ ಇಟ್ಟು ಹೇಳಿದರೆ ಅದು ಟೀಕೆಯಲ್ಲ, ವೃತ್ತಿಯ ಅಭಿಪ್ರಾಯ. ನಿವೃತ್ತಿಯ ನಂತರ ಜೀವಮಾನ ಸಾಧನೆಯ ಶಾಲು ಹೊದೆಯುವವರಿಗೆ ನಡತೆ ನಿಯಮ ಎಲ್ಲಿಯದು?

ಇನ್ನೊಂದು ಉತ್ತರ: ಕೆಲಸವನ್ನು ಸರ್ಕಾರಿ ಸಂಸ್ಥೆಯೇ ಮಾಡುತ್ತಿದೆಯಲ್ಲ. ಹೌದು, ಕೇಂದ್ರೀಯ ಸಮುದ್ರ ಮೀನುಗಾರಿಕೆ ಸಂಶೋಧನಾ ಸಂಸ್ಥೆ ಬಂದರುಗಳಲ್ಲಿ ಕೂತು ಎಣಿಸುತ್ತದೆ. 2012ರಲ್ಲಿ ಕೇರಳದಲ್ಲಿ ಸುಮಾರು 3.9 ಲಕ್ಷ ಟನ್ ಸಿಕ್ಕಿದ್ದ ಬೂತಾಯಿ 2021ರಲ್ಲಿ 3,297 ಟನ್ನಿಗೆ ಇಳಿದದ್ದು ನಮಗೆ ಗೊತ್ತಾದದ್ದು ಅವರಿಂದಲೇ. ಸಮುದ್ರ ಬಿಸಿಯಾಗುವುದು, ಮಳೆ, ಪಾಚಿ ಎಲ್ಲ ಸೇರಿ ಬೂತಾಯಿ ಏರಿಳಿಯುವ ಮೀನು, ಪೂರ್ತಿ ಬಲೆಯದೇ ತಪ್ಪಲ್ಲ ಎಂದೂ ಅವರೇ ಹೇಳಿದರು. ಎಷ್ಟು ಉದ್ದದ ಮೀನು ಹಿಡಿಯಬಹುದು ಎಂಬ ಲೆಕ್ಕವೂ ಅವರದೇ: ಬೂತಾಯಿಗೆ 10 ಸೆಂಟಿಮೀಟರ್, ಬಂಗುಡೆಗೆ 14. ಕೇರಳ ಅದನ್ನು ಕಾನೂನು ಮಾಡಿ 58 ಜಾತಿಗಳಿಗೆ ವಿಸ್ತರಿಸಿತು. ಕರ್ನಾಟಕವೂ ಅದೇ ದಾರಿ ಹಿಡಿಯಿತು. ಆದರೆ ಎಣಿಸುವ ಸಂಸ್ಥೆ, ತಾನು ಎಣಿಸಿದ ಮರಿಮೀನು ಯಾರ ಲಾರಿ ಹತ್ತಿ ಯಾವ ಫಿಶ್‌ಮೀಲ್ ಕಾರ್ಖಾನೆಗೆ ಹೋಗುತ್ತದೆ, ಆ ಕಾರ್ಖಾನೆಗೆ ಪರವಾನಗಿ ಕೊಟ್ಟವರು ಯಾರು ಎಂದು ತನ್ನ ಒಡೆಯನನ್ನೇ ಕೇಳುವುದು ಹೇಗೆ? ಆ ಪ್ರಶ್ನೆ ಕೇಳಲೆಂದೇ ಹೊರಗೊಂದು ಸಂಘ ಬೇಕು. ಉಳ್ಳಾಲದ ಕಡೆ ಹೋದವರಿಗೆ ಆ ಕಾರ್ಖಾನೆಗಳ ವಾಸನೆ ಹೇಳಿಕೊಡಬೇಕಿಲ್ಲ.

ಸಂಘ ಹೀಗೆ ಕಾಯದಿದ್ದರೆ ಏನಾಗುತ್ತದೆ? ಕಾವೇರಿಗೆ ಹೋಗಿ ನೋಡಿ. ಗೂನುಬೆನ್ನಿನ, ಕಿತ್ತಳೆ ರೆಕ್ಕೆಯ ಮಹಶೀರ್ ಜಗತ್ತಿನಲ್ಲಿ ಇರುವುದು ಕಾವೇರಿ ಕಣಿವೆಯೊಂದರಲ್ಲೇ. 1873ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಎಚ್. ಎಸ್. ಥಾಮಸನ ಗಾಳದ ಪುಸ್ತಕದ ಕಾಲದಿಂದ ದಕ್ಷಿಣದ ಮಹಶೀರ್ ಹಿಂದೆ ಬಿದ್ದವರಿಗೆ ಲೆಕ್ಕವಿಲ್ಲ. ಇಷ್ಟು ಹೆಸರುವಾಸಿಯಾದ ಮೀನಿಗೆ ನಿಶ್ಚಿತವಾದ ವೈಜ್ಞಾನಿಕ ಹೆಸರೇ ಇರಲಿಲ್ಲ. ಯಾರೋ ತಪ್ಪಾಗಿ ಇನ್ನೊಂದು ಮೀನಿನ ಹೆಸರು ಅಂಟಿಸಿದರು, ಇನ್ಯಾರೋ ಕಿತ್ತರು. ಅಷ್ಟರಲ್ಲಿ, 1970ರ ದಶಕದಿಂದ, ಲೋನಾವಳದ ಮೀನುಮರಿ ಕೇಂದ್ರದಲ್ಲಿ ಬೆಳೆಸಿದ ನೀಲಿ ರೆಕ್ಕೆಯ ಇನ್ನೊಂದು ಮಹಶೀರ್ ದೇಶದ ಹಲವು ಹೊಳೆಗಳಿಗೆ ಹೋಯಿತು, ಕಾವೇರಿಗೂ ಬಂತು. ಪುಣೆ-ಮುಂಬಯಿಯ ಓದುಗರು ವಾರಾಂತ್ಯಕ್ಕೆ ಚಿಕ್ಕಿ ತರಲು ಹೋಗುವ ಅದೇ ಲೋನಾವಳ. ಸಂರಕ್ಷಣೆ ಎಂದೇ ನಂಬಿ ಮಾಡಿದ ಕೆಲಸ ಅದು. 1870ರ ಅಮೆರಿಕದವರೂ ಹಾಗೇ ನಂಬಿದ್ದರು.

ಗಾಳಿಬೋರೆಯಲ್ಲಿ ಗಾಳ ಹಾಕಿ ಹಿಡಿದು ಮತ್ತೆ ನೀರಿಗೆ ಬಿಡುತ್ತಿದ್ದವರ 1998ರಿಂದ 2012ರವರೆಗಿನ ದಾಖಲೆ ಪುಸ್ತಕ ತೆರೆದಾಗ ಕಂಡದ್ದೇನು? ನೀಲಿ ರೆಕ್ಕೆಯದು ಹೆಚ್ಚುತ್ತ ಬಂದಿತ್ತು, ಗೂನುಬೆನ್ನಿನದು ಕಾಣೆಯಾಗುತ್ತ. 2018ರಲ್ಲಿ ಕೊನೆಗೂ ಸಂಶೋಧಕರು ಇದು ಕೇರಳದ ಪಾಂಬಾರಿನ ಮರಿಗಳಿಂದ ಮೊದಲೇ ವರ್ಣಿತವಾಗಿದ್ದ ಟಾರ್ ರೆಮಾದೇವಿಯೇ ಎಂದು ತೋರಿಸಿದರು. ಅದೇ ವರ್ಷ ಅದು ಅಳಿವಿನ ತೀವ್ರ ಅಪಾಯದ ಕೆಂಪು ಪಟ್ಟಿ ಸೇರಿತು. ಹೆಸರಿಲ್ಲದೆ ಪಟ್ಟಿಗೆ ಸೇರುವಂತಿರಲಿಲ್ಲ. ನಾಲ್ಕು ದಶಕ ಮರಿ ಬಿಡುತ್ತಿದ್ದಾಗ ‘ಸ್ವಲ್ಪ ನಿಲ್ಲಿ, ಈ ಹೊಳೆಯ ಮೀನು ಯಾವುದೆಂದು ಮೊದಲು ತಿಳಿಯೋಣ’ ಎಂದು ಅಧಿಕಾರವಾಣಿಯಿಂದ ಹೇಳುವ ಒಂದು ವೃತ್ತಿಯ ದನಿ ನಮ್ಮಲ್ಲಿರಬೇಕಿತ್ತು. ಒಬ್ಬಿಬ್ಬರು ಗೊಣಗಿರಬಹುದು. ಗೊಣಗಿದ್ದು ಹೊಳೆಯವರೆಗೆ ಕೇಳಿಸುವುದಿಲ್ಲ.

ಹೆಸರಿನ ಮಾತನ್ನು ಸಣ್ಣದೆಂದು ತಳ್ಳುವವರಿಗೆ ಒಂದು ಹಳೆಯ ಸಂಗತಿ. ಬಂಗುಡೆಯ ವೈಜ್ಞಾನಿಕ ಹೆಸರು ರಾಸ್ಟ್ರೆಲಿಗರ್ ಕಾನಗುರ್ತ. ಕಾನಗುರ್ತ ಲ್ಯಾಟಿನ್ ಅಲ್ಲ, ತೆಲುಗು. ವಿಶಾಖಪಟ್ಟಣದಲ್ಲಿದ್ದ ಪ್ಯಾಟ್ರಿಕ್ ರಸೆಲ್ ಎಂಬ ವೈದ್ಯ ಅಲ್ಲಿನ ಇನ್ನೂರು ಮೀನುಗಳನ್ನು ಅವುಗಳ ಸ್ಥಳೀಯ ಹೆಸರಿನಲ್ಲೇ ದಾಖಲಿಸಿ 1803ರಲ್ಲಿ ಪುಸ್ತಕ ತಂದ. ಅಲ್ಲಿಂದ ಎತ್ತಿಕೊಂಡು ಕುವಿಯೆ 1816ರಲ್ಲಿ ವಿಜ್ಞಾನದ ಹೆಸರು ಮಾಡಿದ. ಹೈದರಾಬಾದಿನ ಓದುಗರು ಮೀನು ಮಾರುಕಟ್ಟೆಯಲ್ಲಿ ಕೇಳುವ ಮಾತು ಇವತ್ತು ಜಗತ್ತಿನ ಎಲ್ಲ ಪ್ರಯೋಗಾಲಯಗಳಲ್ಲೂ ಇದೆ. ನಮ್ಮ ಕೆರೆಗಳಿಗೆ ಬಂದ ಕಾಟ್ಲಾ, ರೋಹು ಬಂಗಾಳದ ಮಾತುಗಳು, ಅವೂ ಹಾಗೆಯೇ ವಿಜ್ಞಾನಕ್ಕೆ ಹೋದವು. ಕಂಪನಿ ಸರ್ಕಾರದ ಒಬ್ಬ ಡಾಕ್ಟರಿಗೆ ಬೆಸ್ತರನ್ನು ಕೇಳಿ ಬರೆದುಕೊಳ್ಳುವ ವ್ಯವಧಾನವಿತ್ತು. ನಮ್ಮ ಸಂಘಗಳಿಗೆ ಇಲ್ಲವೇ?

ಕನ್ನಡ, ತುಳು, ಕೊಂಕಣಿಯ ಮೀನಿನ ಹೆಸರುಗಳು ಎಲ್ಲೂ ಇಲ್ಲವೆಂದಲ್ಲ. ಸಂಶೋಧನಾ ವರದಿಗಳ ಕೋಷ್ಟಕಗಳಲ್ಲಿವೆ, ಫಿಶ್‌ಬೇಸ್ ಎಂಬ ಅಂತರಜಾಲದ ಕೋಶದಲ್ಲಿವೆ. ಇಂಗ್ಲಿಷ್ ಲಿಪಿಯಲ್ಲಿ, ಎಲ್ಲಿ ದೀರ್ಘ ಎಲ್ಲಿ ಹ್ರಸ್ವ ತಿಳಿಯದಂತೆ, ಯಾವ ಊರಿನದೆಂಬ ಗುರುತಿಲ್ಲದೆ. ಬೇಕಾದದ್ದು ಹೊಸ ಪದ ಟಂಕಿಸುವುದಲ್ಲ. ಆ ಪಾಪ ನಾನು ಮಾಡಿ ನೋಡಿದ್ದೇನೆ. ಇರುವುದನ್ನು ದಕ್ಕೆಯಲ್ಲಿ ಕೂತು, ಹರಾಜು ಕೂಗುವವರನ್ನೂ ಬುಟ್ಟಿ ಹೊರುವ ಹೆಂಗಸರನ್ನೂ ಕೇಳಿ, ಮೀನನ್ನು ಎದುರಿಗಿಟ್ಟು ಗುರುತಿಸಿ, ಕನ್ನಡ ಲಿಪಿಯಲ್ಲಿ, ಊರಿನ ಹೆಸರಿನೊಂದಿಗೆ ಬರೆದಿಡುವುದು. ಮೀನನ್ನು ಗುರುತಿಸಲು ವಿಜ್ಞಾನಿ ಬೇಕು, ಮಾತನ್ನು ಬರೆದುಕೊಳ್ಳಲು ಭಾಷೆ ಬಲ್ಲವರು ಬೇಕು. ಒಂದು ಸಮ್ಮೇಳನದ ಶಾಲು, ಹಾರ, ಸ್ಮರಣಿಕೆಗೆ ಹೋಗುವ ಹಣದಲ್ಲಿ ಕಾರವಾರದಿಂದ ಉಳ್ಳಾಲದವರೆಗಿನ ಬಂದರುಗಳನ್ನು ಒಂದು ಸಲ ಸುತ್ತಬಹುದು ಎಂಬುದು ನನ್ನ ಅಂದಾಜು. ಸ್ಮರಣ ಸಂಚಿಕೆಗೆ ಶುಭಾಶಯ ಪತ್ರಗಳನ್ನು ಅನುವಾದಿಸಿದ ಅನುಭವದಿಂದ ಹೇಳುತ್ತಿದ್ದೇನೆ, ಆ ಹಣ ಸಣ್ಣದಲ್ಲ. (ಅನುವಾದಕರಿಗೆ ಸಿಗುವ ಪಾಲು ಮಾತ್ರ ಸಣ್ಣದು.)

ದಂಡ ಕಟ್ಟುವವರು ಯಾರೆಂದು ಮರೆಯಬೇಡಿ. ಕಾನೂನು ಇಂಗ್ಲಿಷ್ ಹೆಸರಿನಲ್ಲಿರುತ್ತದೆ, ಭಿತ್ತಿಪತ್ರ ನನ್ನ ನೂಲುರೆಕ್ಕೆಯ ಕನ್ನಡದಲ್ಲಿರುತ್ತದೆ, ಅಧಿಕಾರಿ ಬಂದು ಬುಟ್ಟಿಗೆ ಅಳತೆಪಟ್ಟಿ ಹಿಡಿಯುವುದು ಮದ್ಮಲ್ಲಿಗೆ. ‘ನಮಗೆ ಗೊತ್ತಿರಲಿಲ್ಲ’ ಎಂದು ಆ ಹಿರಿಯರು ಹೇಳಿದರೆ ಅದು ನೆಪವಲ್ಲ. ಅವರಿಗೆ ಯಾರೂ ಹೇಳಿಯೇ ಇರಲಿಲ್ಲ.

ಆ ಸಂಸ್ಥೆಗೆ ತಿದ್ದುಪಡಿ ಕಳಿಸಿದೆ. ಮರುಮುದ್ರಣಕ್ಕೆ ಅನುದಾನವಿಲ್ಲ ಎಂದು ಉತ್ತರ ಬಂತು. ಮಂಗಳೂರಿನ ಶಾಖೆಗೂ ಒಂದು ಪತ್ರ ಬರೆದಿದ್ದೇನೆ: ಹೆಸರುಗಳ ಸಮಿತಿಯೊಂದನ್ನು ಮಾಡಿ, ಕನ್ನಡ, ತುಳು, ಕೊಂಕಣಿ, ಬ್ಯಾರಿ ಬಲ್ಲವರನ್ನು ಸೇರಿಸಿ, ನಾನು ಪುಕ್ಕಟೆ ಕೆಲಸ ಮಾಡುತ್ತೇನೆ ಎಂದು. ಈ ಲೇಖನದ ಜೊತೆಗೇ ಅದೂ ಹೊರಟಿದೆ.

ಅಷ್ಟರಲ್ಲಿ ನಾನೇ ಒಂದು ಹಾಳೆ ತೆರೆದಿದ್ದೇನೆ. ಈವರೆಗೆ ಊರಿನ ಗುರುತಿನೊಂದಿಗೆ ಬರೆದಿಟ್ಟದ್ದು ನಲವತ್ತೊಂದು ಹೆಸರು. ನಿಮ್ಮಲ್ಲಿ ಕರಾವಳಿಯಿಂದ ಹೋಗಿ ಮುಂಬಯಿಯಲ್ಲಿ, ಚೆನ್ನೈಯಲ್ಲಿ ನೆಲೆಸಿದವರು ಬಹಳ ಜನ ಇದ್ದೀರಿ. ಸುರ್ಮಯಿ, ವಂಜರಂ ಎಂದು ಕೇಳಿ ಕೊಂಡರೂ ಮನೆಗೆ ತಂದು ಅಂಜಲ್ ಎಂದೋ ಇಸ್ವಣ ಎಂದೋ ಕರೆಯುವವರು. ಈ ಮೇಲ್‌ಗೆ ಉತ್ತರವಾಗಿ ಮೀನಿನ ಹೆಸರು, ಅದನ್ನು ಹಾಗೆ ಕರೆಯುವ ಊರು, ಸಾಧ್ಯವಾದರೆ ಮೀನಿನ ಫೋಟೊ ಕಳಿಸಿ. ಒಳನಾಡಿನವರು ಹೊಳೆ, ಕೆರೆಯ ಮೀನು ಬಿಡಬೇಡಿ. ಮುಖ್ಯವಾಗಿ ಶಿವನಸಮುದ್ರದಿಂದ ಕೆಳಗಿನ ಕಾವೇರಿ ದಂಡೆಯವರು ಯಾರಾದರೂ ಇದ್ದರೆ, ಆ ಗೂನುಬೆನ್ನಿನ ಮೀನನ್ನು ನಿಮ್ಮ ಮನೆಯ ಹಿರಿಯರು ಏನೆಂದು ಕರೆಯುತ್ತಿದ್ದರು, ನೀಲಿ ರೆಕ್ಕೆಯದನ್ನು ಬೇರೆ ಹೆಸರಿನಿಂದ ಕರೆಯುತ್ತಿದ್ದರೇ, ಕೇಳಿ ಬರೆಯಿರಿ.